ಒಂದು ಹೋಸ್ಟಿಂಗ್ ಖಾತೆ, ಹಲವು ಡೊಮೇನ್: ಯಾವುದನ್ನು ಒಟ್ಟಿಗಿಡಬೇಕು, ಯಾವುದನ್ನು ಬೇರೆ ಇಡಬೇಕು?

ಮೊದಲ ಡೊಮೇನ್ ಕೊಳ್ಳುವಾಗ ಎಲ್ಲರೂ ಹತ್ತು ಸಲ ಯೋಚಿಸುತ್ತಾರೆ. ಎರಡನೆಯದಕ್ಕೆ ಯಾರೂ ಯೋಚಿಸುವುದಿಲ್ಲ. ಹೋಸ್ಟಿಂಗ್ ಹೇಗೂ ಇದೆ, ಎಷ್ಟು ಡೊಮೇನ್ ಬೇಕಾದರೂ ಸೇರಿಸಿಕೊಳ್ಳಿ ಎಂದು ಪ್ಯಾಕೇಜಿನಲ್ಲೇ ಬರೆದಿದೆ, ಇದನ್ನೂ ಅಲ್ಲೇ ತಗುಲಿಸಿದರಾಯಿತು ಎಂದುಕೊಳ್ಳುತ್ತೇವೆ. ನನ್ನ ಒಂದು ಖಾತೆಯಲ್ಲಿ ಹೀಗೆಯೇ ಏಳು ತಾಣಗಳೂ ಇಪ್ಪತ್ತಕ್ಕೂ ಹೆಚ್ಚು ಇಮೇಲ್ ವಿಳಾಸಗಳೂ ಸೇರಿಕೊಂಡಿದ್ದವು. ಮೂರು ನನ್ನವು, ನಾಲ್ಕು ಪರಿಚಯದವರವು. ವರ್ಷಗಟ್ಟಲೆ ಏನೂ ತೊಂದರೆಯಿರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಏಳಕ್ಕೆ ಏಳೂ ತಾಣಗಳು ಜೂಜಿನ ಪುಟಗಳಿಗೆ ತಿರುಗಿಕೊಳ್ಳುತ್ತಿದ್ದವು. ಹುಡುಕುತ್ತ ಹೋದಾಗ ಸಿಕ್ಕಿದ್ದು ‘ಹಳೆಯದು2’ ಎಂಬ ಫೋಲ್ಡರ್. ಪರೀಕ್ಷೆಗೆಂದು ನಾನೇ ಮಾಡಿ ನಾನೇ ಮರೆತದ್ದು. ಅದರೊಳಗೊಂದು ವರ್ಡ್‌ಪ್ರೆಸ್, ಅಂದರೆ ತಾಣ ನಡೆಸುವ ತಂತ್ರಾಂಶ, ಅದರೊಳಗೆ ಮೂರು ವರ್ಷದಿಂದ ಅಪ್‌ಡೇಟ್ ಕಾಣದ ಸ್ಲೈಡರ್ ಪ್ಲಗಿನ್. ಮುಖ್ಯ ಡೊಮೇನಿನ ಹೆಸರಿನ ಮುಂದೆ ಓರೆಗೆರೆ ಹಾಕಿ ಆ ಫೋಲ್ಡರಿನ ಹೆಸರು ಬರೆದರೆ ಯಾರಿಗೆ ಬೇಕಾದರೂ ತೆರೆದುಕೊಳ್ಳುತ್ತಿತ್ತು.

ತಪ್ಪು ನನ್ನದೇ. ಆದರೆ ಒಂದು ಫೋಲ್ಡರಿನ ತಪ್ಪಿಗೆ ಏಳು ತಾಣಗಳು ಏಕೆ ದಂಡ ತೆರಬೇಕಾಯಿತು ಎಂಬುದು ಅರ್ಥವಾದ ಮೇಲೆ ಹೋಸ್ಟಿಂಗ್ ಪ್ಯಾಕೇಜುಗಳನ್ನು ನೋಡುವ ಕಣ್ಣೇ ಬದಲಾಯಿತು. ಈಗ ನಾನು ಮೊದಲು ಕೇಳಿಕೊಳ್ಳುವುದು ಇಷ್ಟು: ಇಲ್ಲಿ ಒಂದು ತಾಣ ಬಿದ್ದರೆ ಜೊತೆಗೆ ಏನೇನು ಬೀಳುತ್ತದೆ? ಮುಂದಿನ ಹೋಲಿಕೆಯೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಒಂದೇ ಸೂರು, ಒಳಗೆ ಬಾಗಿಲುಗಳಿಲ್ಲ

ಒಂದೇ ಐಪಿ ವಿಳಾಸದಲ್ಲಿ, ಅಂದರೆ ಸರ್ವರಿನ ಒಂದೇ ಸಂಖ್ಯಾ ವಿಳಾಸದಲ್ಲಿ, ನೂರಾರು ಡೊಮೇನ್‌ಗಳು ನಡೆಯುವುದು ಹಳೆಯ ಸಂಗತಿ. 1997ರ ಎಚ್‌ಟಿಟಿಪಿ 1.1ರಿಂದಾಚೆಗೆ ಬ್ರೌಸರ್ ತನಗೆ ಬೇಕಾದ ತಾಣದ ಹೆಸರನ್ನು ಪ್ರತಿ ಕೋರಿಕೆಯಲ್ಲೂ ಕಡ್ಡಾಯವಾಗಿ ಹೇಳುತ್ತದೆ. ಸರ್ವರ್ ಆ ಹೆಸರು ನೋಡಿ ಸರಿಯಾದ ಫೋಲ್ಡರನ್ನು ತೆರೆಯುತ್ತದೆ. ಗೂಢಲಿಪಿಯಲ್ಲಿ ಸಾಗುವ ಎಚ್‌ಟಿಟಿಪಿಎಸ್‌ಗೆ ಇದೇ ಅನುಕೂಲವನ್ನು ಎಸ್‌ಎನ್‌ಐ ಎಂಬ ಏರ್ಪಾಡು ಕೊಟ್ಟಿತು. 2015ರ ಡಿಸೆಂಬರ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ತನ್ನ ಉಚಿತ ಪ್ರಮಾಣಪತ್ರಗಳನ್ನು ಎಲ್ಲರಿಗೂ ತೆರೆದಿಟ್ಟ ಮೇಲಂತೂ ಡೊಮೇನಿಗೊಂದು ಐಪಿ, ಐಪಿಗೊಂದು ಪ್ರಮಾಣಪತ್ರ ಎಂಬ ಲೆಕ್ಕವೇ ಮುಗಿಯಿತು. ಪ್ರತ್ಯೇಕ ಐಪಿ ಇಲ್ಲದಿದ್ದರೆ ಎಸ್‌ಎಸ್‌ಎಲ್, ಅಂದರೆ ಈ ಪ್ರಮಾಣಪತ್ರದ ರಕ್ಷಣೆ, ಸಾಧ್ಯವಿಲ್ಲ ಎಂದು ಇಂದಿಗೂ ಯಾರಾದರೂ ಹೇಳಿದರೆ, ಅವರಿಂದ ಬೇರೇನನ್ನೂ ಕೊಳ್ಳಬೇಡಿ.

ಶೇರ್ಡ್ ಹೋಸ್ಟಿಂಗ್ ಒಂದು ವಠಾರವಿದ್ದ ಹಾಗೆ. ಒಬ್ಬೊಬ್ಬ ಗ್ರಾಹಕನ ಖಾತೆಯೂ ಒಂದೊಂದು ಮನೆ. ಸರ್ವರಿನಲ್ಲಿ ಪ್ರತಿ ಖಾತೆಗೂ ಬೇರೆ ಬಳಕೆದಾರ ಹೆಸರಿರುತ್ತದೆ, ನಡುವೆ ಗೋಡೆಯಿರುತ್ತದೆ. ಹೋಸ್ಟಿಂಗ್‌ಗೆಂದೇ ಮಾಡಿದ ಕ್ಲೌಡ್‌ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಇರುವ ಸರ್ವರಾದರೆ ಕೇಜ್‌ಎಫ್‌ಎಸ್ ಎಂಬುದು ಆ ಗೋಡೆಯನ್ನು ಇನ್ನಷ್ಟು ಎತ್ತರಿಸುತ್ತದೆ. ಪಕ್ಕದಲ್ಲೊಂದು ಖಾತೆ ಇದೆಯೆಂಬುದೇ ನಿಮಗೆ ಕಾಣಿಸದು. ಆದರೆ ನಿಮ್ಮ ಮನೆಯೊಳಗೆ ನೀವೇ ಸೇರಿಸಿದ ಏಳು ಡೊಮೇನ್‌ಗಳಿಗೆ ಇರುವುದು ಒಂದೇ ಬಳಕೆದಾರ ಹೆಸರು. ತಾಣದ ಕೋಡನ್ನು ನಡೆಸುವ ಪಿಎಚ್‌ಪಿ ಓಡುವುದೂ ಆ ಹೆಸರಿನಲ್ಲೇ. ಹಾಗಾಗಿ ಒಂದು ತಾಣದೊಳಗೆ ನುಸುಳಿದ ಕೋಡ್ ಪಕ್ಕದ ತಾಣದ ಕಡತಗಳನ್ನು ನಿಮ್ಮಷ್ಟೇ ಸಲೀಸಾಗಿ ಓದುತ್ತದೆ, ತಿದ್ದುತ್ತದೆ. ವರ್ಡ್‌ಪ್ರೆಸ್‌ನ ಕಾನ್ಫಿಗ್ ಕಡತಕ್ಕೆ 600 ಅನುಮತಿ, ಅಂದರೆ ಖಾತೆಯ ಒಡೆಯನಷ್ಟೇ ಓದಿ ತಿದ್ದಬಹುದಾದ ಅನುಮತಿ, ಕೊಟ್ಟು ನೆಮ್ಮದಿಯಾಗಿ ಮಲಗುವವರಿದ್ದಾರೆ. ಆ ಅನುಮತಿ ಪಕ್ಕದ ಮನೆಯವನನ್ನು ತಡೆಯುತ್ತದೆ. ಒಳಗೆ ಬಂದಾಗಿರುವವನಿಗೆ ಅದು ಅಡ್ಡಿಯೇ ಅಲ್ಲ.

ಇಲ್ಲಿ ಬಹಳ ಜನರ ಕಣ್ತಪ್ಪಿಸುವ ಇನ್ನೊಂದು ವಿಷಯವಿದೆ. ಹೋಸ್ಟಿಂಗ್ ಖಾತೆಯನ್ನು ನಿಭಾಯಿಸುವ ಸಿಪ್ಯಾನೆಲ್ ಎಂಬ ತಂತ್ರಾಂಶದಲ್ಲಿ ನಿಮ್ಮ ಇಮೇಲ್‌ಗಳು ಬೇರೆಲ್ಲೋ ಇರುವುದಿಲ್ಲ. ಅದೇ ಖಾತೆಯ ‘ಮೇಲ್’ ಎಂಬ ಫೋಲ್ಡರಿನಲ್ಲಿ, ಡೊಮೇನ್‌ವಾರು ವಿಂಗಡಣೆಯಾಗಿ, ಸಾಮಾನ್ಯವಾಗಿ ಒಂದು ಪತ್ರಕ್ಕೆ ಒಂದು ಕಡತದಂತೆ ಕೂತಿರುತ್ತವೆ. ಹಳೆಯ ಪ್ಲಗಿನ್ನಿನ ಕಿಂಡಿಯಿಂದ ಒಳಬಂದವನು ಏಳೂ ಡೊಮೇನ್‌ಗಳ ಅಂಚೆಯನ್ನು ಓದಬಲ್ಲ. ಮತ್ತೊಂದು ತಾಣದಲ್ಲಿ ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಒತ್ತಿ, ಬಂದ ಕೊಂಡಿಯನ್ನು ನಿಮ್ಮ ಅಂಚೆಪೆಟ್ಟಿಗೆಯಿಂದಲೇ ಎತ್ತಿಕೊಳ್ಳಬಲ್ಲ. ಅಂದು ಜೂಜಿನ ಪುಟಗಳನ್ನು ಕಂಡು ಸಿಟ್ಟು ಬಂದಿತ್ತು. ಈ ಫೋಲ್ಡರನ್ನು ಕಂಡಾಗ ಬೆವರು ಬಂತು.

ಡೊಮೇನ್ ಸೇರಿಸುವ ಬಗೆಗಳು

ಹೆಸರುಗಳ ಗೊಂದಲ ಕಳೆದುಕೊಳ್ಳಲು ಎರಡು ಮಾತು ಸಾಕು. ಬೇರೆಯದೇ ತಾಣವಾಗಿ ನಡೆಯಬೇಕಾದ ಡೊಮೇನ್ ಆ್ಯಡ್‌ಆನ್. ಇರುವ ತಾಣವನ್ನೇ ಇನ್ನೊಂದು ಹೆಸರಿನಲ್ಲಿ ತೋರಿಸುವುದು ಅಲಿಯಾಸ್. ಹಿಂದೆ ಇದನ್ನು ಪಾರ್ಕ್ಡ್ ಡೊಮೇನ್ ಎನ್ನುತ್ತಿದ್ದರು. ಒಂದೇ ಹೆಸರಿನ ಕಾಗುಣಿತ ಭೇದಗಳನ್ನೂ ಬೇರೆ ಬೇರೆ ಕೊನೆಗಳನ್ನೂ ಕೊಂಡಿಟ್ಟವರಿಗೆ ಅಲಿಯಾಸ್ ಸಾಕು, ಮೇಲೊಂದು 301 ಮರುನಿರ್ದೇಶನ, ಅಂದರೆ ಮುಖ್ಯ ಹೆಸರಿಗೆ ಶಾಶ್ವತವಾಗಿ ತಿರುಗಿಸುವ ಆಜ್ಞೆ, ಹಾಕಿಬಿಡಿ.

ಸಿಪ್ಯಾನೆಲ್‌ನ ಆ್ಯಡ್‌ಆನ್ ಪದ್ಧತಿಗೆ ಒಂದು ಹಳೆಯ ಚಾಳಿಯಿದೆ. ಖಾತೆ ತೆರೆಯುವಾಗ ಕೊಟ್ಟ ಡೊಮೇನ್ ಯಜಮಾನನ ಸ್ಥಾನದಲ್ಲಿ ಕೂರುತ್ತದೆ, ನಂತರ ಬಂದವಕ್ಕೆಲ್ಲ ಅದರ ಬಾಲವಾಗಿ ಒಂದೊಂದು ಸಬ್‌ಡೊಮೇನ್ ಹುಟ್ಟಿಕೊಳ್ಳುತ್ತದೆ. ಫೋಲ್ಡರನ್ನು ಮುಖ್ಯ ತಾಣದ ಫೋಲ್ಡರಿನೊಳಗೇ ಇಟ್ಟರೆ ತೊಡಕು ಇಮ್ಮಡಿ: ಒಂದೇ ತಾಣ ಮೂರು ವಿಳಾಸಗಳಲ್ಲಿ ತೆರೆದುಕೊಳ್ಳುತ್ತದೆ, ಸರ್ವರಿಗೆ ಸೂಚನೆ ಕೊಡುವ ಮುಖ್ಯ ತಾಣದ ಎಚ್‌ಟಿಆ್ಯಕ್ಸೆಸ್ ಕಡತದಲ್ಲಿ ಬರೆದ ನಿಯಮಗಳು ಕೆಳಗಿನ ಫೋಲ್ಡರುಗಳಿಗೂ ಹರಿದು ಬರುತ್ತವೆ. ಒಂದು ತಾಣದಲ್ಲಿ ಮಾಡಿದ ಬದಲಾವಣೆಗೆ ಇನ್ನೊಂದು ತಾಣ ಗಿರಕಿ ಹೊಡೆಯತೊಡಗಿದರೆ ಮೊದಲು ನೋಡಬೇಕಾದ ಜಾಗ ಇದು. ಡೊಮೇನ್ ಸೇರಿಸುವಾಗ ಫೋಲ್ಡರಿನ ಹಾದಿ ಕೇಳುವ ಖಾನೆಯಲ್ಲಿ ಮುಖ್ಯ ತಾಣದ ಫೋಲ್ಡರಾದ ‘ಪಬ್ಲಿಕ್ ಎಚ್‌ಟಿಎಂಎಲ್’ ಹೊರಗಿನ ಜಾಗವನ್ನು ಕೊಟ್ಟರೆ ಈ ತಲೆನೋವು ತಪ್ಪುತ್ತದೆ. ಎಂದೂ ಮಾರದ, ಎಂದೂ ಬಿಡದ ಡೊಮೇನನ್ನೇ ಖಾತೆಯ ಮುಖ್ಯ ಡೊಮೇನ್ ಮಾಡಿಕೊಳ್ಳುವುದೂ ಒಳ್ಳೆಯದು. ಸಿಪ್ಯಾನೆಲ್‌ನಂಥದೇ ಇನ್ನೊಂದು ತಂತ್ರಾಂಶವಾದ ಡೈರೆಕ್ಟ್ಅಡ್ಮಿನ್‌ನಲ್ಲಿ ಈ ಯಜಮಾನಿಕೆ ಇಲ್ಲ. ಪ್ರತಿ ಡೊಮೇನಿಗೂ ಪಕ್ಕಪಕ್ಕದಲ್ಲಿ ತನ್ನದೇ ಫೋಲ್ಡರ್. ಆದರೆ ಅಲ್ಲೂ ಬಳಕೆದಾರ ಹೆಸರು ಒಂದೇ, ಒಳಗಿನ ಗೋಡೆ ಅಲ್ಲೂ ಇಲ್ಲ.

ಇಮೇಲ್: ಹೋಸ್ಟಿಂಗ್ ಜೊತೆಗೋ, ಬೇರೆ ಕಡೆಯೋ?

ನಿಜವಾದ ಆಯ್ಕೆ ಇರುವುದು ಇಲ್ಲಿ. ತಾಣ ಎರಡು ಗಂಟೆ ಬಿದ್ದರೆ ಬಹಳ ಜನರಿಗೆ ಗೊತ್ತೇ ಆಗುವುದಿಲ್ಲ. ಕಳಿಸಿದ ದರಪಟ್ಟಿ ಸ್ಪ್ಯಾಮಿಗೆ ಬಿದ್ದರೆ ಕೆಲಸವೇ ಕೈತಪ್ಪುತ್ತದೆ.

ಹೋಸ್ಟಿಂಗ್ ಜೊತೆಗೆ ಬರುವ ಇಮೇಲ್‌ನ ಪರವಾಗಿ ಹೇಳುವುದಿದೆ. ಎಷ್ಟು ವಿಳಾಸ ಬೇಕಾದರೂ ಮಾಡಿಕೊಳ್ಳಬಹುದು, ತಲೆಗಿಷ್ಟು ಎಂಬ ಶುಲ್ಕವಿಲ್ಲ, ಪತ್ರಗಳನ್ನು ಸರ್ವರಿನಲ್ಲೇ ಇಟ್ಟು ಓದಿಸುವ ಐಮ್ಯಾಪ್ ಮೂಲಕ ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ಸಲೀಸಾಗಿ ಕೂರುತ್ತದೆ. ಐದು ಡೊಮೇನ್, ಪ್ರತಿಯೊಂದಕ್ಕೂ ‘ಮಾಹಿತಿ’, ‘ಲೆಕ್ಕಪತ್ರ’ ಎಂದು ಎರಡೆರಡು ವಿಳಾಸ, ತಿಂಗಳಿಗೆ ಬರುವುದು ನಾಲ್ಕು ಪತ್ರ ಎನ್ನುವವರಿಗೆ ಬೇರೆ ಸೇವೆ ದುಂದುವೆಚ್ಚವೇ ಸರಿ.

ಇನ್ನು ಅದರ ಹುಳುಕು. ಪತ್ರಗಳು ಹೊರಡುವ ಐಪಿ ಇಡೀ ವಠಾರದ್ದು. ಗುರುತೇ ಇಲ್ಲದ ಯಾವನೋ ನೆರೆಯವನು ಸ್ಪ್ಯಾಮ್ ಕಳಿಸಿ ಆ ಐಪಿ ಸ್ಪ್ಯಾಮ್‌ಹೌಸ್‌ನಂಥ ಕಪ್ಪುಪಟ್ಟಿಗೆ ಸೇರಿದರೆ ನಿಮ್ಮ ಪತ್ರಗಳೂ ಹಿಂದಿರುಗುತ್ತವೆ. ನೀವು ತಪ್ಪು ಮಾಡಿರುವುದಿಲ್ಲ, ಸರಿಪಡಿಸುವ ಅಧಿಕಾರವೂ ನಿಮಗಿರುವುದಿಲ್ಲ. ಇದಕ್ಕೇ ಹೋಸ್ಟಿಂಗ್‌ನವರು ಗಂಟೆಗಿಷ್ಟೇ ಪತ್ರ ಎಂಬ ಮಿತಿ ಹಾಕುತ್ತಾರೆ. ಸುದ್ದಿಪತ್ರ ಕಳಿಸುವ ಉದ್ದೇಶವಿದ್ದರೆ ಆ ಮಿತಿಯನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಎರಡನೆಯದು ಜಾಗ. ತಾಣ, ಡೇಟಾಬೇಸ್, ಇಮೇಲ್ ಎಲ್ಲಕ್ಕೂ ಒಂದೇ ಉಗ್ರಾಣ. ಬ್ಯಾಕಪ್ ಪ್ಲಗಿನ್ ಒಂದು ವಾರಕ್ಕೊಮ್ಮೆ ಜಿಪ್ ಕಡತಗಳನ್ನು ಅದೇ ಖಾತೆಯೊಳಗೆ ಪೇರಿಸುತ್ತ ಹೋಗುತ್ತದೆ. ಒಂದು ದಿನ ಜಾಗ ತುಂಬುತ್ತದೆ. ಅಂದಿನಿಂದ ಏಳೂ ಡೊಮೇನ್‌ಗಳಿಗೆ ಬರಬೇಕಾದ ಪತ್ರಗಳು ಕಳಿಸಿದವರಿಗೇ ವಾಪಸು ಹೋಗುತ್ತವೆ. ‘ಅಪರಿಮಿತ ಜಾಗ’ ಎಂದು ಬರೆದಿದ್ದರೂ ಸಣ್ಣ ಅಕ್ಷರಗಳಲ್ಲಿ ಐನೋಡ್ ಮಿತಿ, ಅಂದರೆ ಒಟ್ಟು ಕಡತಗಳ ಸಂಖ್ಯೆಯ ಮಿತಿ ಇರುತ್ತದೆ. ಪತ್ರಕ್ಕೊಂದು ಕಡತ ಎಂಬುದನ್ನು ನೆನಪಿಸಿಕೊಳ್ಳಿ: ಹತ್ತು ವರ್ಷದಿಂದ ಏನನ್ನೂ ಅಳಿಸದ ಒಂದೇ ಅಂಚೆಪೆಟ್ಟಿಗೆ ನಲವತ್ತು ಸಾವಿರ ಐನೋಡ್ ನುಂಗಿ ಕೂತಿರಬಹುದು.

ಮೂರನೆಯದು ಗುರುತಿನ ಪತ್ರಗಳು. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಪಟ್ಟು ಬಿಗಿ ಮಾಡಿವೆ. ಜಿಮೇಲ್ ವಿಳಾಸಗಳಿಗೆ ಪತ್ರ ಕಳಿಸುವ ಯಾರಿಗೇ ಆಗಲಿ ಎಸ್‌ಪಿಎಫ್ (ಈ ಡೊಮೇನಿನ ಪತ್ರ ಯಾವ ಸರ್ವರುಗಳಿಂದ ಹೊರಡಬಹುದು ಎಂಬ ಪಟ್ಟಿ) ಅಥವಾ ಡಿಕಿಮ್ (ಪತ್ರದ ಮೇಲಿನ ಡಿಜಿಟಲ್ ಸಹಿ) ಇರಲೇಬೇಕು. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಎರಡೂ ಬೇಕು, ಮೇಲೆ ಡಿಮಾರ್ಕ್ (ಆ ಪರೀಕ್ಷೆಗಳಲ್ಲಿ ಸೋತ ಪತ್ರವನ್ನು ಏನು ಮಾಡಬೇಕು ಎಂಬ ಸೂಚನೆ) ಕೂಡ ಬೇಕು. ಡೊಮೇನ್ ಎಷ್ಟೇ ಇರಲಿ, ಇವನ್ನು ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನ್‌ಗಳ ವಿಳಾಸಪುಸ್ತಕದಲ್ಲಿ, ಒಂದೊಂದಕ್ಕೂ ಬೇರೆ ಬೇರೆಯಾಗಿ ಬರೆಯಬೇಕು. ಮುಖ್ಯ ಡೊಮೇನಿಗೆ ಮಾಡಿದರೆ ಉಳಿದವಕ್ಕೂ ಆಯಿತು ಎಂದು ಕೈಕಟ್ಟಿ ಕೂರುವ ತಪ್ಪನ್ನು ನಾನೂ ಮಾಡಿದ್ದೇನೆ. ಒಂದು ಡೊಮೇನಿಗೆ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು. ಎರಡು ಬರೆದರೆ ಎರಡೂ ಕೆಟ್ಟಂತೆ. ಅದರೊಳಗೆ ಬೇರೆ ಬೇರೆ ಸೇವೆಗಳನ್ನು ಸೇರಿಸುತ್ತ ಹೋದಾಗ ನಡೆಯುವ ಡಿಎನ್‌ಎಸ್ ಹುಡುಕಾಟಗಳು ಹತ್ತನ್ನು ಮೀರುವಂತೆಯೂ ಇಲ್ಲ.

ಹೊರಗಿನ ಸೇವೆಗಳು ಎಂದರೆ ಗೂಗಲ್ ವರ್ಕ್‌ಸ್ಪೇಸ್, ಮೈಕ್ರೋಸಾಫ್ಟ್ 365, ಜೋಹೋ ಮೇಲ್, ಫಾಸ್ಟ್‌ಮೇಲ್ ಮುಂತಾದವು. ಹೆಚ್ಚಿನವು ತಲೆಗಿಷ್ಟು ಎಂದು ಶುಲ್ಕ ಎಣಿಸುತ್ತವೆ, ಹಲವು ಡೊಮೇನ್ ಇರುವವರು ಅಲ್ಲೇ ಹೆದರಿ ಹಿಂದೆ ಸರಿಯುತ್ತಾರೆ. ಹೆದರಬೇಕಿಲ್ಲ. ಡೊಮೇನ್‌ಗಳು ಏಳಿದ್ದರೂ ಪತ್ರ ಓದುವವರು ಇಬ್ಬರೇ ಆಗಿದ್ದರೆ ಬೇಕಾಗುವುದು ಎರಡೇ ಖಾತೆ. ವರ್ಕ್‌ಸ್ಪೇಸ್‌ನಲ್ಲಿ ಎರಡನೆಯ ಡೊಮೇನನ್ನು ಅಲಿಯಾಸ್ ಆಗಿ ಸೇರಿಸಿದರೆ ಇರುವ ಬಳಕೆದಾರರಿಗೇ ಆ ಹೆಸರಿನ ವಿಳಾಸವೂ ಸಿಗುತ್ತದೆ, ಹೆಚ್ಚುವರಿ ಶುಲ್ಕವಿಲ್ಲ. ಅಂಚೆಪೆಟ್ಟಿಗೆಗಳ ಲೆಕ್ಕವೇ ಹಿಡಿಯದೆ ಬಳಕೆಯ ಪ್ರಮಾಣದ ಮೇಲೆ ಶುಲ್ಕ ಹಾಕುವ ಮಿಗಾಡು ಎಂಬ ಸೇವೆಯೂ ಇದೆ. ಹತ್ತಾರು ಡೊಮೇನ್, ಅಲ್ಪಸ್ವಲ್ಪ ಪತ್ರ ಎನ್ನುವವರಿಗೆ ಹೇಳಿ ಮಾಡಿಸಿದ್ದು.

ಅಂಚೆ ಹೊರಗೆ ಹೋದ ಮೇಲೆ ಕಾದಿರುವ ಗುಂಡಿ

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದರಲ್ಲಿ ಬೀಳದವರನ್ನು ನಾನು ಕಂಡಿಲ್ಲ. ಸ್ನೇಹಿತರೊಬ್ಬರು ಇಮೇಲನ್ನು ಹೊರಗಿನ ಸೇವೆಗೆ ಸಾಗಿಸಿದರು. ಪತ್ರ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆ ಬದಲಾಯಿತು, ಪತ್ರಗಳು ಬರತೊಡಗಿದವು, ಎಲ್ಲರೂ ಸಂತೋಷಪಟ್ಟರು. ಮೂರು ವಾರ ಕಳೆದ ಮೇಲೆ ಅವರಿಗೆ ಅನುಮಾನ ಬಂತು: ತಾಣದ ವಿಚಾರಣೆ ಅರ್ಜಿಯಿಂದ ಒಂದೂ ಪತ್ರವಿಲ್ಲ. ಪರೀಕ್ಷೆಗೆಂದು ನಾನೇ ತುಂಬಿ ಕಳಿಸಿದೆ. ‘ನಿಮ್ಮ ಸಂದೇಶ ತಲುಪಿದೆ, ಧನ್ಯವಾದ’ ಎಂದು ಹಸಿರು ಪಟ್ಟಿ ಬಂತು. ಪತ್ರ ಮಾತ್ರ ಬರಲಿಲ್ಲ. ಸ್ಪ್ಯಾಮಿನಲ್ಲೂ ಇಲ್ಲ.

ಕೊನೆಗೆ ಹೋಸ್ಟಿಂಗ್‌ನ ಹಳೆಯ ವೆಬ್‌ಮೇಲ್ ತೆರೆದು ನೋಡಿದರೆ ಹತ್ತೊಂಬತ್ತು ವಿಚಾರಣೆಗಳು ಅಲ್ಲಿ ತಣ್ಣಗೆ ಕೂತಿದ್ದವು. ಆಗಿದ್ದು ಇಷ್ಟೇ: ಸರ್ವರ್ ತನ್ನಿಂದಲೇ ಹೊರಡುವ ಪತ್ರದ ವಿಳಾಸ ನೋಡುತ್ತದೆ, ಆ ಡೊಮೇನ್ ತನ್ನಲ್ಲೇ ಇದೆಯೆಂದು ತಿಳಿಯುತ್ತದೆ, ಹೊರಗಿನ ಎಂಎಕ್ಸ್ ಏನು ಹೇಳುತ್ತದೆ ಎಂದು ಕೇಳುವ ಗೋಜಿಗೇ ಹೋಗದೆ ಹಳೆಯ ಪೆಟ್ಟಿಗೆಗೆ ಹಾಕಿಬಿಡುತ್ತದೆ. ಸಿಪ್ಯಾನೆಲ್‌ನ ‘ಇಮೇಲ್ ರೂಟಿಂಗ್’ ಪುಟದಲ್ಲಿ ಆ ಡೊಮೇನಿಗೆ ‘ಲೋಕಲ್’ ಬದಲು ‘ರಿಮೋಟ್’ ಎಂದು ಆರಿಸಿದರೆ ಮುಗಿಯಿತು. ಒಂದು ಗುಂಡಿ ಒತ್ತುವ ಕೆಲಸ. ಏಳು ಡೊಮೇನ್ ಇದ್ದರೆ ಏಳಕ್ಕೂ ಒತ್ತಬೇಕು.

ಅದೇ ಅರ್ಜಿಯಲ್ಲಿ ಇನ್ನೊಂದು ದೋಷವೂ ಇತ್ತು. ತುಂಬಿದವರ ಇಮೇಲ್ ವಿಳಾಸವನ್ನೇ ಕಳಿಸಿದವರ ವಿಳಾಸವನ್ನಾಗಿ ಹಾಕಿ ಕಳಿಸುತ್ತಿತ್ತು. ಬೇರೆಯವರ ಡೊಮೇನಿನ ಹೆಸರಿನಲ್ಲಿ ನಿಮ್ಮ ಸರ್ವರ್ ಪತ್ರ ಬರೆದರೆ ಡಿಮಾರ್ಕ್ ಅದನ್ನು ಖೋಟಾ ಎಂದೇ ಹಿಡಿಯುತ್ತದೆ. ಕಳಿಸಿದವರ ಜಾಗದಲ್ಲಿ ನಿಮ್ಮದೇ ವಿಳಾಸವಿರಲಿ, ತುಂಬಿದವರದು ‘ರಿಪ್ಲೈ-ಟು’ ಖಾನೆಗೆ ಹೋಗಲಿ. ಪಿಎಚ್‌ಪಿ ನೇರವಾಗಿ ಪತ್ರ ಕಳಿಸುವುದನ್ನು ಬಿಡಿಸಿ, ಲಾಗಿನ್ ಆಗಿ ಪತ್ರ ಕಳಿಸುವ ಎಸ್‌ಎಂಟಿಪಿ ಪ್ಲಗಿನ್ ಮೂಲಕ ಹೊರಗಿನ ಸೇವೆಯಿಂದಲೇ ಹೊರಡಿಸಿದರೆ ಇನ್ನೂ ಒಳ್ಳೆಯದು.

ಒಂದು ಖಾತೆ ಸಾಲದಾದಾಗ

ತಾಣಗಳ ನಡುವೆ ಗೋಡೆ ಬೇಕೆಂದರೆ ಮುಂದಿನ ಮೆಟ್ಟಿಲು ರೀಸೆಲ್ಲರ್ ಖಾತೆ. ಹೆಸರು ಕೇಳಿ ಇದು ವ್ಯಾಪಾರಿಗಳದೆಂದು ಹಲವರು ಮುಂದೆ ಹೋಗುತ್ತಾರೆ. ಏನನ್ನೂ ಮಾರದೆಯೂ ಕೊಳ್ಳಬಹುದು. ಡಬ್ಲ್ಯೂಎಚ್‌ಎಂ ಎಂಬ ಮೇಲುಸ್ತುವಾರಿ ಪುಟದಿಂದ ಡೊಮೇನಿಗೊಂದು ಸಿಪ್ಯಾನೆಲ್ ತೆರೆಯುತ್ತೀರಿ. ಬಳಕೆದಾರ ಹೆಸರು ಬೇರೆ, ಪಾಸ್‌ವರ್ಡ್ ಬೇರೆ, ಜಾಗದ ಮಿತಿ ಬೇರೆ. ಪರಿಚಯದವರು ನಾಳೆ ತಮ್ಮ ತಾಣವನ್ನು ತಾವೇ ನೋಡಿಕೊಳ್ಳುತ್ತೇವೆ ಎಂದರೆ ಆ ಒಂದು ಖಾತೆಯನ್ನು ಹಾಗೆಯೇ ಎತ್ತಿ ಕೊಡಬಹುದು. ಆ್ಯಡ್‌ಆನ್ ಆಗಿದ್ದ ತಾಣವನ್ನು ಬಿಡಿಸಿಕೊಡುವುದು ಹೊಲಿದ ಬಟ್ಟೆಯಿಂದ ಒಂದೇ ಬಣ್ಣದ ದಾರ ಎಳೆದಂತೆ. ಕಡತ, ಡೇಟಾಬೇಸ್, ಅಂಚೆ ಎಲ್ಲವನ್ನೂ ಕೈಯಿಂದ ಹೆಕ್ಕಬೇಕು. 2019ರಲ್ಲಿ ಸಿಪ್ಯಾನೆಲ್ ಖಾತೆಗಳ ಲೆಕ್ಕದಲ್ಲಿ ಪರವಾನಗಿ ಶುಲ್ಕ ಹಾಕತೊಡಗಿದ್ದರಿಂದ ಎಷ್ಟು ಖಾತೆ ಸೇರಿವೆ ಎಂದು ಕೊಳ್ಳುವ ಮೊದಲು ಕೇಳಿ. ಇಲ್ಲೂ ಅಂಚೆಯ ಐಪಿ ಹಂಚಿಕೊಂಡದ್ದೇ ಎಂಬುದನ್ನು ಮರೆಯಬೇಡಿ.

ವಿಪಿಎಸ್, ಅಂದರೆ ನೀವೇ ನಿಭಾಯಿಸಬೇಕಾದ ಬಾಡಿಗೆಯ ವರ್ಚುವಲ್ ಸರ್ವರ್, ಅದರ ಬಗ್ಗೆ ನನ್ನದು ಒರಟು ಅಭಿಪ್ರಾಯ. ಲಿನಕ್ಸ್ ಆಡಳಿತ ನಿಮಗೆ ಖುಷಿ ಕೊಡುವ ಕೆಲಸವಾದರೆ ತೆಗೆದುಕೊಳ್ಳಿ. ತಾಣ ನಡೆಯಬೇಕೆಂಬುದಷ್ಟೇ ಉದ್ದೇಶವಾದರೆ ಬೇಡ. ಅದರ ಮೇಲೆ ಅಂಚೆ ಸರ್ವರನ್ನಂತೂ ಕಟ್ಟಬೇಡಿ. ಪತ್ರ ಸಾಗುವ 25ನೆಯ ಪೋರ್ಟನ್ನು ಗೂಗಲ್ ಕ್ಲೌಡ್‌ನಂಥ ಕಡೆ ಹೊರಮುಖವಾಗಿ ಮುಚ್ಚಿಯೇ ಇಟ್ಟಿರುತ್ತಾರೆ; ತೆರೆದಿದ್ದ ಕಡೆಯೂ ಹೊಸ ಐಪಿಯನ್ನು ಜಿಮೇಲ್ ನಂಬುವಂತೆ ಮಾಡಲು ಬಹಳ ತಾಳ್ಮೆ ಬೇಕು.

ಇದ್ದಲ್ಲೇ ಇರುವ ನಾಲ್ಕು ಪುಟಗಳ ಪರಿಚಯ ತಾಣಕ್ಕೆ ಪಿಎಚ್‌ಪಿ ಏಕೆ? ಗಿಟ್‌ಹಬ್ ಪೇಜಸ್, ಕ್ಲೌಡ್‌ಫ್ಲೇರ್ ಪೇಜಸ್‌ನಂಥವು ಸ್ಥಿರ ಪುಟಗಳನ್ನು ಸ್ವಂತ ಡೊಮೇನಿನಲ್ಲಿ ಉಚಿತವಾಗಿಯೇ ಇಟ್ಟುಕೊಳ್ಳುತ್ತವೆ. ಇಮೇಲ್ ಕೊಡುವುದಿಲ್ಲ, ಆದರೆ ಮುರಿದು ಒಳಬರಲು ಪ್ಲಗಿನ್ನೂ ಇರುವುದಿಲ್ಲ. ನನ್ನ ಏಳರಲ್ಲಿ ಮೂರನ್ನು ಹೀಗೆ ಹೊರಗೆ ಹಾಕಿದೆ.

ಹಾಗಾದರೆ ಯಾರಿಗೆ ಯಾವುದು?

ಎಲ್ಲ ಡೊಮೇನ್‌ಗಳೂ ನಿಮ್ಮವೇ, ತಾಣಗಳು ಚಿಕ್ಕವು, ಇಮೇಲ್ ಹೆಸರಿಗಷ್ಟೇ ಎಂದಾದರೆ ಎಲ್ಲವೂ ಒಂದೇ ಶೇರ್ಡ್ ಖಾತೆಯಲ್ಲಿರಲಿ. ಬೇರೆ ಯಾವುದಕ್ಕೂ ಹಣ ಹಾಕಬೇಡಿ. ಇಮೇಲ್‌ನಿಂದಲೇ ದುಡಿಮೆ ನಡೆಯುತ್ತದೆಯೆಂದರೆ ತಾಣಗಳನ್ನು ಅಲ್ಲೇ ಬಿಟ್ಟು ಅಂಚೆಯನ್ನು ಮಾತ್ರ ಹೊರಗೆ ಕಳಿಸಿ. ನನಗೆ ಬರುವ ಹತ್ತು ಪ್ರಶ್ನೆಗಳಲ್ಲಿ ಎಂಟಕ್ಕೆ ಉತ್ತರ ಇದೇ. ಬೇರೆಯವರ ಒಂದು ತಾಣ ಸೇರಿದರೂ ರೀಸೆಲ್ಲರ್‌ಗೆ ಹೋಗಿ, ಅವರ ಸಲುವಾಗಿ ಅಲ್ಲದಿದ್ದರೆ ನಿಮ್ಮ ಮಾನದ ಸಲುವಾಗಿ. ಒಂದು ತಾಣಕ್ಕೆ ಮಾತ್ರ ಭಾರೀ ಜನಸಂದಣಿ ಇದ್ದು, ಅದು ಮಿತಿ ಮೀರಿದಾಗಲೆಲ್ಲ ಉಳಿದವೂ 508 ದೋಷ ತೋರಿಸಿ ನಿಲ್ಲುತ್ತಿದ್ದರೆ, ಆ ಒಂದನ್ನಷ್ಟೇ ಬೇರೆಡೆ ಕಳಿಸಿ. ಆರು ಬಡಪಾಯಿಗಳನ್ನು ಅಲ್ಲಾಡಿಸಬೇಕಿಲ್ಲ.

ಯಾವುದನ್ನೇ ಆರಿಸಿ, ಡೊಮೇನ್ ನೋಂದಣಿ ಹೋಸ್ಟಿಂಗ್‌ನವರ ಬಳಿಯೇ ಇರಬೇಕಾಗಿಲ್ಲ, ಬೇರೆ ಕಡೆ ಇದ್ದರೆ ಜಗಳವಾದ ದಿನ ಹೊರಬರುವುದು ಸುಲಭ. ನೋಂದಣಿ ಖಾತೆಗೆ ಕೊಟ್ಟ ಇಮೇಲ್ ವಿಳಾಸ ಅದೇ ಡೊಮೇನಿನದಾಗಿದೆಯೇ ಎಂದು ಈಗಲೇ ನೋಡಿ. ಡೊಮೇನಿನ ಅವಧಿ ಮುಗಿದರೆ ಆ ವಿಳಾಸ ಸಾಯುತ್ತದೆ, ನವೀಕರಿಸಿ ಎಂಬ ಎಚ್ಚರಿಕೆಯ ಪತ್ರ ಸತ್ತ ವಿಳಾಸಕ್ಕೇ ಹೋಗುತ್ತದೆ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಒತ್ತಿದಂತೆ.

ಅಂಚೆ ಸಾಗಿಸುವ ಕ್ರಮ

ಎರಡು ದಿನ ಮುಂಚೆ ಎಂಎಕ್ಸ್ ದಾಖಲೆಯ ಟಿಟಿಎಲ್ಲನ್ನು, ಅಂದರೆ ಇತರ ಸರ್ವರುಗಳು ಅದನ್ನು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿ, ಬದಲಾವಣೆ ಜಗತ್ತಿಗೆ ಬೇಗ ತಿಳಿಯುತ್ತದೆ. ಹೊಸ ಕಡೆ ಎಲ್ಲ ವಿಳಾಸಗಳನ್ನೂ ಮೊದಲೇ ಮಾಡಿಟ್ಟುಕೊಳ್ಳಿ. ಹಳೆಯ ಪತ್ರಗಳನ್ನು ಐಮ್ಯಾಪ್‌ಸಿಂಕ್ ಎಂಬ ಸಾಧನದ ಮೂಲಕ ನಕಲು ಮಾಡಿ. ಎಂಎಕ್ಸ್ ಬದಲಿಸಿದ ಮರುದಿನ ಮತ್ತೊಮ್ಮೆ ಓಡಿಸಿದರೆ ನಡುವೆ ಹಳೆಯ ಪೆಟ್ಟಿಗೆಗೆ ಬಿದ್ದವೂ ಸಿಗುತ್ತವೆ. ಎಸ್‌ಪಿಎಫ್ ತಿದ್ದಿ, ಹೊಸ ಸೇವೆಯ ಡಿಕಿಮ್ ಕೀಲಿ ಹಾಕಿ, ರೂಟಿಂಗ್ ‘ರಿಮೋಟ್’ ಮಾಡಿ. ಡಿಮಾರ್ಕ್ ಅನ್ನು ಮೊದಲಿಗೆ ಏನನ್ನೂ ತಡೆಯದೆ ವರದಿಯನ್ನಷ್ಟೇ ಕಳಿಸುವ ಸ್ಥಿತಿಯಲ್ಲಿಡಿ. ನಾಲ್ಕು ವಾರ ವರದಿ ನೋಡಿದರೆ ನಿಮ್ಮ ಹೆಸರಿನಲ್ಲಿ ಎಲ್ಲೆಲ್ಲಿಂದ ಪತ್ರ ಹೊರಡುತ್ತಿದೆ ಎಂಬುದು ತಿಳಿಯುತ್ತದೆ, ಮರೆತೇಹೋಗಿದ್ದ ರಸೀದಿ ತಂತ್ರಾಂಶವೊಂದು ಪತ್ತೆಯಾದರೂ ಆದೀತು. ಹಳೆಯ ಅಂಚೆಪೆಟ್ಟಿಗೆಗಳನ್ನು ತಿಂಗಳ ಮಟ್ಟಿಗಾದರೂ ಅಳಿಸಬೇಡಿ. ಅಳಿಸುವ ದಿನ ವೆಬ್‌ಮೇಲ್ ತೆರೆದು, ಸಾಗಿಸಿದ ತಾರೀಖಿನ ಈಚೆಗೆ ಅಲ್ಲೇನಾದರೂ ಬಂದು ಕೂತಿದೆಯೇ ಎಂದು ಒಮ್ಮೆ ನೋಡಿ.